‘ಯಾರ ಮ್ಯಾನ್ ಅದು?’ ಅನ್ನೋ ಪ್ರಶ್ನೆಯೇ ತಪ್ಪು

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಯಾವುದಾದರೂ ಬಾಸ್ಕೆಟ್‌ಬಾಲ್ ಅಂಕಣದ ಪಕ್ಕ ಹತ್ತು ನಿಮಿಷ ನಿಂತು ನೋಡಿ. ಸರ್ಜಾಪುರದ ಅಪಾರ್ಟ್‌ಮೆಂಟ್ ಆಗಿರಲಿ, ಕಂಪನಿಗಳ ಲೀಗ್ ನಡೆಯೋ ಬಾಡಿಗೆ ಅಂಕಣ ಆಗಿರಲಿ, ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ. ಎದುರಾಳಿಯೊಬ್ಬ ಚೆಂಡು ಕುಟ್ಟುತ್ತಾ ಒಳಗೆ ನುಗ್ಗಿ ಆರಾಮಾಗಿ ಲೇಅಪ್ ಹಾಕಿ ವಾಪಸ್ ಹೋಗ್ತಾನೆ. ಈ ಕಡೆ ತಂಡದ ಕ್ಯಾಪ್ಟನ್ ಎರಡೂ ಕೈ ಮೇಲೆತ್ತಿ ಕೂಗುತ್ತಾನೆ: ‘ಯಾರ ಮ್ಯಾನ್ ಅದು?’

ನಾಲ್ಕು ಜನ ಅಕ್ಕಪಕ್ಕ ನೋಡ್ತಾರೆ. ಒಬ್ಬ ತಲೆ ತಗ್ಗಿಸ್ತಾನೆ. ವಿಚಾರಣೆ ಮುಗೀತು, ತಪ್ಪಿತಸ್ಥ ಸಿಕ್ಕ, ಆಟ ಮುಂದುವರೀತು. ಎರಡು ನಿಮಿಷ ಬಿಟ್ಟು ಅದೇ ಜಾಗದಿಂದ ಅದೇ ಲೇಅಪ್.

ನನ್ನ ತಕರಾರು ಆ ಪ್ರಶ್ನೆಯ ಮೇಲೆ. ಆ ಲೇಅಪ್ ಬಿದ್ದಾಗ ಅಂಕಣದಲ್ಲಿ ನಮ್ಮವರು ಐದು ಜನ ಇದ್ದರು. ಒಬ್ಬನನ್ನು ದಾಟಿ ಬಂದವನು ಉಳಿದ ನಾಲ್ವರ ಕಣ್ಣೆದುರೇ ಬುಟ್ಟಿಗೆ ಹೋದ. ಆ ನಾಲ್ವರಿಗೆ ಯಾರೂ ಏನೂ ಕೇಳೋದಿಲ್ಲ, ಯಾಕಂದ್ರೆ ಅವರವರ ಮ್ಯಾನ್ ಪಕ್ಕದಲ್ಲಿ ಅವರು ನಿಷ್ಠೆಯಿಂದ ನಿಂತಿದ್ದರು. ಮೂವತ್ತು ಅಡಿ ದೂರದ ಮೂಲೆಯಲ್ಲಿ, ಚೆಂಡಿಗೆ ಬೆನ್ನು ಹಾಕಿ, ತಮ್ಮ ಆಳನ್ನು ತಬ್ಬಿಕೊಂಡಂತೆ ನಿಂತಿರೋದಕ್ಕೆ ನಮ್ಮಲ್ಲಿ ಡಿಫೆನ್ಸ್ ಅಂತ ಹೆಸರು. ನಾನು ಅದಕ್ಕೆ ಪ್ರೇಕ್ಷಕರ ಗ್ಯಾಲರಿ ಅಂತೀನಿ, ಟಿಕೆಟ್ ಇಲ್ಲ ಅಷ್ಟೇ.

ಮೊದಲು ಒಂದು ಸರಳ ಸಂಗತಿ ಒಪ್ಪಿಕೊಳ್ಳೋಣ. ಚೆಂಡು ಇದ್ದವನಿಗೆ ತಾನು ಎಡಕ್ಕೆ ಹೋಗ್ತೀನೋ ಬಲಕ್ಕೆ ಹೋಗ್ತೀನೋ ಗೊತ್ತು. ಅವನನ್ನು ಕಾಯುವವನಿಗೆ ಗೊತ್ತಿಲ್ಲ. ಆ ಅರ್ಧ ಹೆಜ್ಜೆಯ ಲಾಭ ಯಾವತ್ತೂ ದಾಳಿ ಮಾಡುವವನದ್ದೇ. ಅಂದ್ರೆ ಎಂಥಾ ಒಳ್ಳೇ ಡಿಫೆಂಡರ್ ಕೂಡ ದಿನಕ್ಕೆ ಹತ್ತು ಸಲ ಸೋಲ್ತಾನೆ. ಇದು ಅವನ ಚಾರಿತ್ರ್ಯದ ದೋಷ ಅಲ್ಲ, ಆಟದ ವಿನ್ಯಾಸ. ನಾವೆಲ್ಲ ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೀತೀವಿ. ಒಂದು ಸರ್ವರ್ ಬಿದ್ದೇ ಬೀಳುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಇನ್ನೆರಡು ಇಟ್ಟಿರ್ತೀವಿ. ಬಿದ್ದಾಗ ‘ಯಾರ ಸರ್ವರ್ ಅದು?’ ಅಂತ ಕೂಗಾಡಿದರೆ ಮ್ಯಾನೇಜರ್‌ಗೆ ‘ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್’ ಬಗ್ಗೆ ಪಾಠ ಹೇಳ್ತೀವಿ. ಅದೇ ಮಂದಿ ಶನಿವಾರ ಶೂ ಕಟ್ಟಿಕೊಂಡು ಅಂಕಣಕ್ಕೆ ಇಳಿದ ತಕ್ಷಣ ಹಳೇ ಕಾಲದ ಗೌಡಕಿ ಶುರು.

ಹೆಲ್ಪ್ ಸೈಡ್ ಅಂದ್ರೆ ಏನು ಅಂತ ಸ್ಪಷ್ಟ ಮಾಡ್ತೀನಿ, ಗೊತ್ತಿದ್ದವರು ಸಹಿಸಿಕೊಳ್ಳಿ. ಅಂಕಣವನ್ನು ಬುಟ್ಟಿಯಿಂದ ಬುಟ್ಟಿಗೆ ಉದ್ದಕ್ಕೆ ಸೀಳಿ. ಚೆಂಡು ಇರುವ ಅರ್ಧ ಬಾಲ್ ಸೈಡ್, ಚೆಂಡು ಇಲ್ಲದ ಅರ್ಧ ಹೆಲ್ಪ್ ಸೈಡ್. ಚೆಂಡು ಬಲಗಡೆ ವಿಂಗಿನಲ್ಲಿದೆ, ನಿಮ್ಮ ಆಳು ಎಡ ಮೂಲೆಯಲ್ಲಿದ್ದಾನೆ ಅಂದುಕೊಳ್ಳಿ. ಅವನಿಗೂ ಚೆಂಡಿಗೂ ಎರಡು ಪಾಸ್ ದೂರ. ಆಗ ನಿಮ್ಮ ಜಾಗ ಅವನ ಪಕ್ಕ ಅಲ್ಲವೇ ಅಲ್ಲ. ಒಂದು ಕಾಲು ಆ ನಡುಗೆರೆಯ ಮೇಲೆ, ಪೇಂಟಿನ ಒಳಗೆ, ಮಂಡಿ ಬಗ್ಗಿಸಿ, ಒಂದು ಕೈ ಚೆಂಡಿನ ಕಡೆ ಇನ್ನೊಂದು ಕೈ ನಿಮ್ಮ ಆಳಿನ ಕಡೆ ತೋರಿಸ್ತಾ ನಿಂತಿರಬೇಕು. ಕುತ್ತಿಗೆ ತಿರುಗಿಸದೇ ಇಬ್ಬರೂ ಕಾಣಬೇಕು. ನಿಮ್ಮ ಆಳು ಒಂದೇ ಪಾಸ್ ದೂರದಲ್ಲಿದ್ದರೆ ಒಂದೋ ಎರಡೋ ಹೆಜ್ಜೆ ಮಾತ್ರ ಒಳಗೆ. ಮುಖ್ಯ ಸಂಗತಿ ಇನ್ನೊಂದಿದೆ. ಚೆಂಡು ಗಾಳಿಯಲ್ಲಿ ಇರುವಾಗಲೇ ಐದೂ ಜನ ಜಾಗ ಬದಲಿಸಬೇಕು. ಅದನ್ನು ಅಲ್ಲಿ ಯಾರೋ ಹಿಡಿದ ಮೇಲೆ ಓಡೋಕೆ ಶುರು ಮಾಡಿದರೆ ಬಸ್ ಹೋದ ಮೇಲೆ ಕೈ ತೋರಿಸಿದ ಹಾಗೆ.

ಈಗ ಬಲಗಡೆಯವನು ಬೇಸ್‌ಲೈನ್ ಹಿಡಿದು ನುಗ್ಗಿದ. ಹೆಲ್ಪ್ ಸೈಡಿನಲ್ಲಿ ಬುಟ್ಟಿಗೆ ಎಲ್ಲರಿಗಿಂತ ಹತ್ತಿರ ಇದ್ದವನು, ಕೋಚ್‌ಗಳು ‘ಲೋ ಮ್ಯಾನ್’ ಅನ್ನೋದು ಇವನಿಗೇ, ಅಡ್ಡ ಬಂದು ಬುಟ್ಟಿಯ ಕೆಳಗಿನ ಆ ಚಿಕ್ಕ ಅರ್ಧವೃತ್ತದ ಹೊರಗೇ ಎದೆ ಕೊಟ್ಟು ನಿಲ್ಲಬೇಕು. ಅದರ ತ್ರಿಜ್ಯ 1.25 ಮೀಟರ್. ಅದರೊಳಗೆ ನಿಂತು ಢಿಕ್ಕಿ ಹೊಡೆಸಿಕೊಂಡರೆ ಚಾರ್ಜ್ ಸಿಗೋದಿಲ್ಲ, ಅಷ್ಟು ತಡವಾಗಿ ಬಂದರೆ ಫೌಲೂ ಹೋಯ್ತು, ಬುಟ್ಟಿಯೂ ಹೋಯ್ತು. ಸರಿ, ಲೋ ಮ್ಯಾನ್ ಬಂದ. ಎಡ ಮೂಲೆಯ ಅವನ ಆಳು ಖಾಲಿ ಆದ. ಆಗ ಮೇಲಿದ್ದ ಇನ್ನೊಬ್ಬ ಹೆಲ್ಪ್ ಸೈಡ್ ಡಿಫೆಂಡರ್ ಕೆಳಗೆ ಜಾರಿ, ಎರಡು ಸೆಕೆಂಡ್ ಮಟ್ಟಿಗೆ ಇಬ್ಬರ ಜವಾಬ್ದಾರಿ ತಗೋಬೇಕು. ಮೊದಲು ಸೋತವನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಲ್ಲದೇ ಪೇಂಟಿಗೆ ಓಡಿ, ಯಾರು ಖಾಲಿ ಇದ್ದಾನೋ ಅವನನ್ನು ಹಿಡೀಬೇಕು. ಹೆಲ್ಪರ್‌ಗೆ ಹೆಲ್ಪ್ ಮಾಡೋದು. ಇದಿಷ್ಟೂ ಸೇರಿದರೆ ಒಂದು ರೊಟೇಶನ್.

ಇದನ್ನೆಲ್ಲ ಅಮೆರಿಕದ ಕೋಚ್‌ಗಳ ಯೂಟ್ಯೂಬ್ ನೋಡಿಯೇ ಕಲೀಬೇಕು ಅಂದುಕೊಂಡವರು ನಮ್ಮ ಹಾವೇರಿ ಜಿಲ್ಲೆ ಕಡೆ ಒಮ್ಮೆ ಬರ್ರಿ. ಜಾತ್ರೆ, ಗಣೇಶ ಚತುರ್ಥಿ, ದಸರಾ ಯಾವುದಾದರೂ ನೆಪಕ್ಕೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಊರಾಗ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಅಂತ ಬ್ಯಾನರ್ ಬಿದ್ದಿರುತ್ತೆ. ನಾನು ಬೆಳೆದ ಹಳ್ಳಿಯಲ್ಲಿ ಬಾಸ್ಕೆಟ್‌ಬಾಲ್ ಕಂಬ ಇರಲಿಲ್ಲ, ಆದರೆ ಶಾಲೆ ಬಯಲಿನಲ್ಲಿ ಸುಣ್ಣದ ಪುಡಿಯಲ್ಲಿ ಎಳೆದ ಕಬಡ್ಡಿ ಗೆರೆ ವರ್ಷವಿಡೀ ಇರ್ತಿತ್ತು. ಮಳೆ ಬಂದು ಅಳಿಸಿದರೆ ಮತ್ತೆ ಎಳೀತಿದ್ವಿ.

ಅಲ್ಲಿ ನೋಡಿ. ರೇಡರ್ ಬಲ ಕಾರ್ನರ್ ಕಡೆ ಹೋದ. ಕಾರ್ನರ್‌ನವನು ಪಾದ ಹಿಡಿಯೋಕೆ ಕಾಯ್ತಾ ಇದ್ದಾನೆ. ಕಬಡ್ಡಿ ಗೊತ್ತಿಲ್ಲದವನು ಅವನನ್ನೇ ನೋಡ್ತಾನೆ. ಗೊತ್ತಿದ್ದವನು ಎಡಗಡೆಯವರನ್ನ ನೋಡ್ತಾನೆ. ಎಡಗಡೆಯ ಜೋಡಿ ಕೈ ಕೈ ಹಿಡಿದು, ಬಾಗಿಲು ಮುಚ್ಚಿದ ಹಾಗೆ ನಿಧಾನ ಮುಂದೆ ಬರ್ತಿರ್ತದೆ. ಕವರ್‌ನವನು ರೇಡರ್‌ಗೂ ನಡುಗೆರೆಗೂ ಮಧ್ಯದ ದಾರಿ ಅಳೀತಿರ್ತಾನೆ. ಕಾರ್ನರ್ ಪಾದ ಹಿಡಿದ ಕ್ಷಣಕ್ಕೆ ಕವರ್ ಎದೆಗೆ ಬೀಳ್ತಾನೆ, ಆಮೇಲೆ ಉಳಿದವರು. ರೇಡರ್ ದೊಡ್ಡ ಆಳಾಗಿದ್ದರೆ ಕಾರ್ನರ್ ಒಬ್ಬನಿಂದ ಏನೂ ಆಗೋದಿಲ್ಲ, ಅವನನ್ನೇ ಎಳಕೊಂಡು ಹೋಗಿ ಗೆರೆ ಮುಟ್ತಾನೆ. ಹಾಗೆ ಹೋದಾಗ ದಂಡೆ ಮ್ಯಾಲೆ ಕುಂತ ಹಿರಿಯರು ಕಾರ್ನರ್ ಹುಡುಗನ್ನ ಬೈಯೋದಿಲ್ಲ. ‘ಏ, ಕವರ್ ಎಲ್ಲಿ ನಿದ್ದಿ ಮಾಡಾಕತ್ತಿದ್ನಲೇ?’ ಅಂತಾರೆ. ಹಿಡಿಯೋಕೆ ಹೋದವನಿಗಿಂತ ಹೋಗದೇ ಉಳಿದವನಿಗೆ ಮೊದಲು ಬೈಗುಳ. ಇಡೀ ಬೆಂಗಳೂರಿನ ಕಾರ್ಪೊರೇಟ್ ಬಾಸ್ಕೆಟ್‌ಬಾಲ್‌ಗೆ ಇಲ್ಲದ ಬುದ್ಧಿ ಅದು.

ಹೋಲಿಕೆಗೂ ಒಂದು ಮಿತಿ ಇದೆ, ಅದನ್ನೂ ಹೇಳಿಬಿಡ್ತೀನಿ. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅರ್ಧ ಅಂದ್ರೆ 65 ಚದರ ಮೀಟರ್, ಅದನ್ನು ಏಳು ಜನ ಕಾಯ್ತಾರೆ, ತಲೆಗೆ ಒಂಬತ್ತು ಚಿಲ್ಲರೆ. ಬಾಸ್ಕೆಟ್‌ಬಾಲ್ ಅಂಕಣ 28 ಮೀಟರ್‌ಗೆ 15 ಮೀಟರ್. ಅರ್ಧ 210 ಚದರ ಮೀಟರ್, ಕಾಯೋರು ಐದೇ ಜನ, ತಲೆಗೆ 42. ಸುಮಾರು ನಾಲ್ಕೂವರೆ ಪಟ್ಟು ಜಾಗ. ಮೇಲಾಗಿ ಇಲ್ಲಿ ಕೈ ಹಿಡಿಯೋ ಹಾಗಿಲ್ಲ, ಕಾಲು ಹಿಡಿಯೋ ಹಾಗಂತೂ ಇಲ್ಲವೇ ಇಲ್ಲ. ಆದರೆ ಈ ಲೆಕ್ಕ ನನ್ನ ವಾದಕ್ಕೇ ಬಲ ಕೊಡುತ್ತೆ. ಒಬ್ಬ ಕಾಯಬೇಕಾದ ಜಾಗ ಜಾಸ್ತಿ ಆದಷ್ಟೂ, ಆಪತ್ತು ಬರೋಕೆ ಮುಂಚೆಯೇ ಸರಿಯಾದ ಕಡೆ ನಿಂತಿರೋದು ಅನಿವಾರ್ಯ. ಕಬಡ್ಡಿಯಲ್ಲಿ ತಡವಾಗಿ ಎದ್ದರೂ ಒಂದು ನೆಗೆತಕ್ಕೆ ಸಿಗ್ತಾನೆ. ಇಲ್ಲಿ ಸಿಗೋದಿಲ್ಲ.

ಇನ್ನು ಎಲ್ಲರೂ ಹೇಳೋ ಆ ದೊಡ್ಡ ಆಕ್ಷೇಪ. ‘ಗುರು, ನಾನು ಹೆಲ್ಪ್‌ಗೆ ಹೋದೆ, ನನ್ನ ಮ್ಯಾನ್ ಮೂಲೆಯಿಂದ ತ್ರೀ ಹಾಕಿದ. ಬೈಸಿಕೊಂಡಿದ್ದು ನಾನು.’ ಸತ್ಯ. ಸಮಸ್ಯೆಯ ಬುಡ ಇರೋದೇ ಇಲ್ಲಿ.

ನಮ್ಮ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ ಇದೆ. ಭತ್ತದ ಕೊಯ್ಲಿಗೋ ಗೋವಿನಜೋಳ ಮುರಿಯೋಕೋ ಇವತ್ತು ನಮ್ಮ ಮನೆಯವರು ನಿಮ್ಮ ಹೊಲಕ್ಕೆ, ನಾಳೆ ನಿಮ್ಮ ಮನೆಯವರು ನಮ್ಮ ಹೊಲಕ್ಕೆ. ಮಷೀನ್ ಬಂದ ಮೇಲೆ ಕಡಿಮೆ ಆಗಿದೆ. ಪಟ್ಟಣದಲ್ಲಿ ಕೂತವರು ಇದನ್ನು ಹಳ್ಳಿಯವರ ಒಳ್ಳೇತನ ಅಂತ ಫೇಸ್‌ಬುಕ್‌ನಲ್ಲಿ ಬರೆದು ಕಣ್ಣೀರು ಒರೆಸಿಕೊಳ್ತಾರೆ. ಒಳ್ಳೇತನ ಗಿಳ್ಳೇತನ ಏನಿಲ್ಲ, ಅದು ಪಕ್ಕಾ ಲೆಕ್ಕ. ನೀವು ವಾಪಸ್ ಬರ್ತೀರಿ ಅನ್ನೋ ಖಾತ್ರಿ ಇದ್ದರೆ ಮಾತ್ರ ನಾನು ನನ್ನ ಹೊಲ ಬಿಟ್ಟು ಬರ್ತೀನಿ. ಒಂದು ವರ್ಷ ನೀವು ಕೈ ಕೊಟ್ಟರೆ ಮುಂದಿನ ವರ್ಷ ನಿಮ್ಮ ಹೊಲಕ್ಕೆ ನಾಯಿಯೂ ಬರೋದಿಲ್ಲ.

ಅಂಕಣದಲ್ಲಿ ನಡೆಯೋದೂ ಅದೇ. ಲೋ ಮ್ಯಾನ್ ತನ್ನ ಆಳನ್ನು ಬಿಟ್ಟು ಹೋದ. ಅವನ ಹಿಂದೆ ಯಾರೂ ಜಾರಲಿಲ್ಲ. ಮೂಲೆಯವನು ತ್ರೀ ಹಾಕಿದ. ‘ಯಾರ ಮ್ಯಾನ್ ಅದು?’ ಅಂತ ಕೂಗು ಬಿತ್ತು. ಸಹಾಯಕ್ಕೆ ಹೋದವನಿಗೇ ಶಿಕ್ಷೆ. ಎರಡನೇ ಸಲ ಹೋಗೋಕೆ ಅವನೇನು ಹುಚ್ಚನಾ? ಆವತ್ತಿನಿಂದ ಅವನೂ ಗ್ಯಾಲರಿ ಸೇರ್ತಾನೆ. ಅದಕ್ಕೇ ನಾನು ಆ ಪ್ರಶ್ನೆ ಬರೀ ನಿರುಪಯೋಗಿ ಅನ್ನೋದಿಲ್ಲ, ಅಪಾಯಕಾರಿ ಅಂತೀನಿ. ಅದು ಸಹಾಯ ಮಾಡುವವರನ್ನು ಹುಡುಕಿ ಹುಡುಕಿ ಹೊಡೆಯುತ್ತೆ.

ಲೆಕ್ಕಕ್ಕೇ ಬರೋದಾದರೂ ಬನ್ನಿ. ನಿಮ್ಮ ಲೀಗಿನಲ್ಲಿ ಯಾರೂ ತಡೆಯದ ಲೇಅಪ್ 10ಕ್ಕೆ 7 ಬೀಳುತ್ತೆ ಅಂತ ಇಟ್ಟುಕೊಳ್ಳಿ. 14 ಪಾಯಿಂಟ್. ಮೂಲೆಯ ತ್ರೀ 10ಕ್ಕೆ 3 ಬಿದ್ದರೆ 9. ನಿಮ್ಮ ತಂಡದ ಮೂವತ್ತು ದಾಟಿದ, ಹೊಟ್ಟೆ ಬಂದ ಡೆಲಿವರಿ ಮ್ಯಾನೇಜರ್‌ಗಳು 10ಕ್ಕೆ 3 ಹಾಕ್ತಾರಾ ಅನ್ನೋದು ಬೇರೆ ಪ್ರಶ್ನೆ. ಅದೂ ಅಂಕಣದ ಈ ತುದಿಯಿಂದ ಆ ತುದಿಗೆ ಎಸೆದ ಉದ್ದನೆ ಪಾಸ್ ಹಿಡಿದು, ಓಡಿ ಬರ್ತಿರೋ ಡಿಫೆಂಡರ್ ಕೈ ಮುಖಕ್ಕೆ ಬರೋಕೆ ಮುಂಚೆ. ಹಾಕಿದರೆ ಹಾಕಲಿ ಬಿಡಿ, ಚಪ್ಪಾಳೆ ಹೊಡೆಯೋಣ. ಒಂದು ಎಚ್ಚರಿಕೆ ಮಾತ್ರ ಇರಲಿ. ಚೆಂಡು ಇರೋ ಕಡೆಯ ಮೂಲೆಯಿಂದ ಹೆಲ್ಪ್‌ಗೆ ಹೋಗಬೇಡಿ. ಅಲ್ಲಿಗೆ ಪಾಸ್ ಚಿಕ್ಕದು, ವಾಪಸ್ ಬರೋಕೆ ಸಮಯ ಸಿಗೋದಿಲ್ಲ. ಉತ್ಸಾಹದಲ್ಲಿ ಎಲ್ಲ ಕಡೆಯಿಂದ ಎಲ್ಲರೂ ಓಡಿ ಬರೋದು ಡಿಫೆನ್ಸ್ ಅಲ್ಲ, ಸಂತೆ.

ಇನ್ನೊಂದು ಗುಂಪಿದೆ, ಟಿವಿ ಪಂಡಿತರದ್ದು. ‘ಪೇಂಟಿನಲ್ಲಿ ಮೂರು ಸೆಕೆಂಡ್‌ಗಿಂತ ಜಾಸ್ತಿ ನಿಲ್ಲಂಗಿಲ್ಲ’ ಅಂತ ಹೆಲ್ಪ್‌ಗೆ ನಿಂತವನನ್ನು ಹೊರಗೆ ಕಳಿಸೋರು. ಸ್ವಾಮಿ, ಡಿಫೆನ್ಸ್‌ನವರಿಗೆ ಮೂರು ಸೆಕೆಂಡ್ ನಿಯಮ ಇರೋದು ಎನ್‌ಬಿಎಯಲ್ಲಿ, ಅದೂ 2001-02ರ ಋತುವಿನಿಂದ. ನಮ್ಮ ದೇಶದಲ್ಲಿ ಆಡೋದು ಫಿಬಾ ನಿಯಮದ ಪ್ರಕಾರ. ಅದರಲ್ಲಿ ಮೂರು ಸೆಕೆಂಡ್ ಕಟ್ಟುಪಾಡು ದಾಳಿ ಮಾಡುವ ತಂಡಕ್ಕೆ ಮಾತ್ರ. ಡಿಫೆಂಡರ್ ಪೇಂಟಿನಲ್ಲಿ ಚಾಪೆ ಹಾಸಿ ಮಲಗಿದರೂ ರೆಫರಿ ಕೇಳೋದಿಲ್ಲ. ಹೆಲ್ಪ್ ಸೈಡ್‌ಗೆ ಇಷ್ಟು ಅನುಕೂಲ ಮಾಡಿಕೊಟ್ಟ ನಿಯಮ ಕೈಯಲ್ಲಿ ಇಟ್ಟುಕೊಂಡು, ಇನ್ನೊಂದು ದೇಶದ ಲೀಗಿನ ನಿಯಮಕ್ಕೆ ಹೆದರಿ ಹೊರಗೆ ನಿಲ್ತೀವಲ್ಲ, ಇದಕ್ಕೇನಂತೀರಿ?

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಮಾಡೋದಿಲ್ಲ ಅಂದ್ರೆ, ಇದನ್ನು ಯಾರೂ ಎಣಿಸೋದಿಲ್ಲ. ಬಿಲ್ ರಸೆಲ್ ಬಾಸ್ಟನ್ ಸೆಲ್ಟಿಕ್ಸ್ ತಂಡದಲ್ಲಿ 13 ಋತು ಆಡಿ 11 ಸಲ ಚಾಂಪಿಯನ್ ಆದ. ಉಳಿದ ನಾಲ್ವರು ಸೋತರೂ ಹಿಂದೆ ರಸೆಲ್ ಇದ್ದಾನೆ ಅನ್ನೋ ಧೈರ್ಯದ ಮೇಲೆ ಕಟ್ಟಿದ ತಂಡ ಅದು. ಅವನು ಜೀವಮಾನದಲ್ಲಿ ಎಷ್ಟು ಬ್ಲಾಕ್ ಮಾಡಿದ? ಅಧಿಕೃತ ಲೆಕ್ಕವೇ ಇಲ್ಲ. ಎನ್‌ಬಿಎ ಬ್ಲಾಕ್‌ಗಳನ್ನು ಎಣಿಸೋಕೆ ಶುರು ಮಾಡಿದ್ದು 1973-74ರಲ್ಲಿ, ಅವನು 1969ಕ್ಕೇ ಆಟ ಬಿಟ್ಟಿದ್ದ. ನಮ್ಮಲ್ಲೂ ಅಷ್ಟೇ. 2014ರಲ್ಲಿ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತ ಚೀನಾವನ್ನು, ಅದೂ ಅವರದೇ ನೆಲದಲ್ಲಿ, 65-58ರಿಂದ ಸೋಲಿಸಿತು. ಆ ಪಂದ್ಯ ನೆನೆಸಿಕೊಳ್ಳುವವರು 65 ಹಾಕಿದವರ ಹೆಸರು ಹೇಳ್ತಾರೆ. ಚೀನಾ 58ಕ್ಕೆ ನಿಂತಿತಲ್ಲ, ಅದನ್ನು ನಿಲ್ಲಿಸಿದವರು ಯಾರು ಅಂತ ಕೇಳಿದರೆ ಮೌನ.

ಕಬಡ್ಡಿಯೂ ಟಿವಿಗೆ ಬಂದ ಮೇಲೆ ಇದೇ ರೋಗ ಹಚ್ಚಿಕೊಂಡಿದೆ. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಪ್ರೊ ಕಬಡ್ಡಿ ಗೆದ್ದಿತು. ಪವನ್ ಸೆಹ್ರಾವತ್ 22 ಪಾಯಿಂಟ್. ಅದ್ಭುತ ಆಟ, ಎರಡು ಮಾತಿಲ್ಲ. ಆದರೆ ಗೆದ್ದ ಅಂತರ 5. ಉಳಿದ 16 ಎಲ್ಲಿಂದ ಬಂತು ಅಂತ ನಿಮ್ಮ ಆಫೀಸಿನ ಯಾವುದಾದರೂ ಬುಲ್ಸ್ ಅಭಿಮಾನಿಯನ್ನು ಕೇಳಿ ನೋಡಿ.

ಆದರೂ ಹಳ್ಳಿ ಪಂದ್ಯಾವಳಿಯ ಕರಪತ್ರ ಒಂದು ವಿಷಯದಲ್ಲಿ ನಮ್ಮ ಟೆಕ್ ಪಾರ್ಕ್ ಲೀಗ್‌ಗಿಂತ ಮುಂದಿದೆ. ಅದರ ಕೆಳಗೆ ವೈಯಕ್ತಿಕ ಬಹುಮಾನಗಳ ಸಾಲು ಇರುತ್ತೆ: ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಆಲ್‌ರೌಂಡರ್. ಹಿಡಿಯುವವನಿಗೂ ಒಂದು ಕಪ್ ಇದೆ. ನಾನು ಆಡಿದ ಯಾವ ಕಾರ್ಪೊರೇಟ್ ಬಾಸ್ಕೆಟ್‌ಬಾಲ್ ಟೂರ್ನಿಯಲ್ಲೂ ಟಾಪ್ ಸ್ಕೋರರ್ ಮತ್ತು ಎಂವಿಪಿ ಬಿಟ್ಟು ಮೂರನೇ ಟ್ರೋಫಿ ಕಂಡಿಲ್ಲ. ಆ ಎಂವಿಪಿಯೂ ಟಾಪ್ ಸ್ಕೋರರ್‌ನ ಇನ್ನೊಂದು ಹೆಸರು ಅಷ್ಟೇ.

ಇದು ಬರೀ ವಾರಾಂತ್ಯದ ಹವ್ಯಾಸದ ವಿಷಯ ಆಗಿದ್ದರೆ ನಾನು ಇಷ್ಟು ಕೋಪ ಮಾಡಿಕೊಳ್ತಿರಲಿಲ್ಲ. ಪೆಟ್ಟು ಬೀಳೋದು ಆಯ್ಕೆಯಲ್ಲಿ. ನಾನು ಬಿಇ ಓದಿದ ಕಾಲೇಜಿನ ಹೆಸರು ಬೇಡ. ಅಲ್ಲಿ ತಂಡದ ಸೆಲೆಕ್ಷನ್ ನಡೆದಿದ್ದು ಹೀಗೆ: ಹತ್ತು ಫ್ರೀ ಥ್ರೋ, ಎರಡೂ ಕಡೆಯಿಂದ ಲೇಅಪ್, ಕೋನ್‌ಗಳ ನಡುವೆ ಡ್ರಿಬಲ್. ಒಂದೇ ಒಂದು ನಿಮಿಷ ಐದು ಜನರಿಗೆ ಐದು ಜನ ಆಡಿಸಲಿಲ್ಲ. ನನ್ನ ಹಾಸ್ಟೆಲ್ ಗೆಳೆಯ ಒಬ್ಬ ಹಿರೇಕೆರೂರು ಕಡೆಯವನು, ಊರಲ್ಲಿ ಕಬಡ್ಡಿ ಕಾರ್ನರ್. ಚೆಂಡು ಮೊದಲ ಸಲ ಮುಟ್ಟಿದ್ದೇ ಹಾಸ್ಟೆಲ್‌ಗೆ ಬಂದ ಮೇಲೆ. ಡ್ರಿಬಲ್ ಮಾಡುವಾಗ ಚೆಂಡು ಕಾಲಿಗೆ ಬಡಿದು ಹೋಯ್ತು, ‘ಬೇಸಿಕ್ಸ್ ಇಲ್ಲ’ ಅಂತ ಬರೆದು ಕಳಿಸಿದರು. ಸಂಜೆ ಹಾಸ್ಟೆಲ್ ಆಟದಲ್ಲಿ ಮಾತ್ರ ಆಯ್ಕೆಯಾದ ಶೂರರು ಅವನಿದ್ದ ಕಡೆ ಡ್ರೈವ್ ಮಾಡ್ತಿರಲಿಲ್ಲ. ಹೋದಲ್ಲೆಲ್ಲ ಅವನು ಮೊದಲೇ ಬಂದು ನಿಂತಿರ್ತಿದ್ದ. ಅವನಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಕೈಯಲ್ಲಿ ಚೆಂಡಿಲ್ಲದಿದ್ದಾಗಲೂ ನನಗೆ ಕೆಲಸ ಇದೆ ಅನ್ನೋದು ಅವನಿಗೆ ಕಬಡ್ಡಿ ಬಯಲಿನಿಂದ ಬಂದಿತ್ತು. ಒಂದೇ ವರ್ಷ, ಆಮೇಲೆ ಅವನು ಅಂಕಣದ ಕಡೆ ಬರೋದೇ ಬಿಟ್ಟ.

ಯೋಚನೆ ಮಾಡಿ. ಡ್ರಿಬಲ್ ಮತ್ತು ಶೂಟಿಂಗ್‌ಗೆ ವರ್ಷಗಟ್ಟಲೆ ಅಂಕಣ ಬೇಕು, ಚೆಂಡು ಬೇಕು, ಶಾಲೆಯಲ್ಲಿ ಕೋಚ್ ಬೇಕು. ಇಂದಿರಾನಗರದ ಹುಡುಗನಿಗೆ ಹತ್ತನೇ ವಯಸ್ಸಿಗೆ ಅದು ಸಿಗುತ್ತೆ, ಹಾನಗಲ್ ಕಡೆಯ ಹುಡುಗನಿಗೆ ಹದಿನೆಂಟಕ್ಕೆ. ಆ ಎಂಟು ವರ್ಷದ ಅಂತರ ತುಂಬೋದು ಕಷ್ಟ. ಹೆಲ್ಪ್ ಸೈಡ್ ಡಿಫೆನ್ಸ್‌ಗೆ ಬೇಕಾದ್ದು ಕಾಲು, ಕಣ್ಣು, ಬಾಯಿ. ಗಮನ ಕೊಟ್ಟರೆ ಎರಡು ಮೂರು ತಿಂಗಳಲ್ಲಿ ಕೂರುತ್ತೆ. ತಡವಾಗಿ ಬಂದವನು ತಂಡದ ಒಳಗೆ ಬರೋಕೆ ಇರುವ ಒಂದೇ ಬಾಗಿಲು ಇದು. ಪಾಯಿಂಟ್ ಹಾಕೋರನ್ನು ಮಾತ್ರ ಆರಿಸೋ ಕೋಚ್ ಆ ಬಾಗಿಲಿಗೆ ಬೀಗ ಹಾಕಿ, ಆಮೇಲೆ ‘ಗ್ರಾಮೀಣ ಪ್ರತಿಭೆ ಬರ್ತಾನೇ ಇಲ್ಲ’ ಅಂತ ಭಾಷಣ ಮಾಡ್ತಾನೆ.

ಅಪಾರ್ಟ್‌ಮೆಂಟಿನ ಅರ್ಧ ಅಂಕಣದಲ್ಲಿ ಮೂವರಿಗೆ ಮೂವರು ಆಡುವವರಿಗೆ ಒಂದು ವಿನಾಯಿತಿ. 3x3 ನಿಯಮದಲ್ಲಿ ಒಳಗಿನ ಬುಟ್ಟಿಗೆ 1, ಕಮಾನಿನ ಹೊರಗಿಂದ 2. ಹೊರಗಿನ ಶಾಟ್‌ಗೆ ನೇರ ದುಪ್ಪಟ್ಟು ಬೆಲೆ, ಸಹಾಯಕ್ಕೆ ಇರೋರು ಇಬ್ಬರೇ. ಅಲ್ಲಿ ಹೆಲ್ಪ್‌ಗೆ ಪೂರ್ತಿ ಹೋಗದೇ ಅರ್ಧ ಹೆಜ್ಜೆ ಇಟ್ಟು ಹೆದರಿಸಿ ವಾಪಸ್ ಬರೋದೇ ಜಾಣತನ. ಮೇಲಿನ ನನ್ನ 14 ಮತ್ತು 9ರ ಲೆಕ್ಕವನ್ನು ತಗೊಂಡು ಹೋಗಿ ಅಲ್ಲಿ ಸೋತು ನನಗೆ ಮೇಲ್ ಹಾಕಬೇಡಿ.

ಐದು ಜನರ ಆಟಕ್ಕಾದರೆ ಬೇಕಾದ್ದು ಇಷ್ಟೇ. ಅಭ್ಯಾಸದ ದಿನ ಹದಿನೈದು ನಿಮಿಷ ನಾಲ್ವರಿಗೆ ನಾಲ್ವರು, ಶಾಟ್ ಹೊಡೆಯೋ ಹಾಗಿಲ್ಲ, ಪಾಸ್ ಮಾತ್ರ. ಪ್ರತಿ ಪಾಸ್‌ಗೂ ನಾಲ್ವರೂ ಸರಿಯಬೇಕು, ಸರಿಯದವನ ಹೆಸರು ಜೋರಾಗಿ ಕೂಗಬೇಕು. ಲೋ ಮ್ಯಾನ್ ಬಾಯಿ ಮುಚ್ಚಿಕೊಂಡಿರೋ ಹಾಗಿಲ್ಲ, ‘ಹಿಂದ ಅದೀನಿ’ ಅಂತ ಮುಂದಿನವನಿಗೆ ಕೇಳೋ ಹಾಗೆ ಹೇಳ್ತಾ ಇರಬೇಕು. ಕನ್ನಡ ಬರದವನು ತಂಡದಲ್ಲಿದ್ದರೆ ಈ ಎರಡು ಪದ ಕಲಿಸಿ, ಅಷ್ಟೂ ಕೆಲಸ ಆಯ್ತು. ಪಂದ್ಯದ ದಿನ ಬೆಂಚಿನ ಮೇಲೆ ಕೂತು ರೀಲ್ಸ್ ನೋಡುವವನ ಕೈಗೆ ಒಂದು ಪೆನ್ನು ಕೊಡಿ. ಎದುರಾಳಿ ಪೇಂಟ್ ಒಳಗೆ ಬಂದಾಗಲೆಲ್ಲ ಒಂದು ಗೀಟು: ಯಾರು ಅಡ್ಡ ಬಂದ, ಅವನ ಹಿಂದೆ ಯಾರು ಜಾರಿದ. ಪಂದ್ಯ ಮುಗಿದ ಮೇಲೆ ಪಾಯಿಂಟ್‌ಗಿಂತ ಮುಂಚೆ ಆ ಹಾಳೆ ಓದಿ.

ಲೀಗ್ ನಡೆಸುವವರಿಗೆ ಬೇರೆ ಕೋರಿಕೆ. ಈ ವರ್ಷ ಮೂರನೇ ಕಪ್ ಒಂದು ಇಡಿ, ಕೆಳಗೆ ‘ಉತ್ತಮ ಹಿಡಿತಗಾರ’ ಅಂತ ಕನ್ನಡದಲ್ಲೇ ಬರೆಸಿ. ಟ್ರೋಫಿ ಅಂಗಡಿಯವನು ಅಕ್ಷರ ಕೆತ್ತೋಕೆ ಎರಡಕ್ಕೂ ಒಂದೇ ರೇಟು ತಗೋತಾನೆ.